ಬಯಲಿನ ಬಿಡಾರವೂ ನಮ್ಮ ಹೆಣ್ಣುಮಕ್ಕಳೂ

ಹುಡುಗಿಯರನ್ನು ಬಯಲಿನ ಬಿಡಾರಕ್ಕೆ ಕಳುಹಿಸಿರೆಂದು ಬೇಡಿದಾಗ, “ಬಿಸಿಲು, ಮುಳ್ಳು, ಅಲ್ಲಿ ನೋಡತಕ್ಕದ್ದೇನಿದೆ?” ಎಂದು ಪೋಷಕರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಬರಿಯ ಬಂಜರಲ್ಲ. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ ಈ ಹುಲ್ಲುಗಾವಲು ಕುರಿಗಾಹಿಗಳ ಜೀವನಾಧಾರ, ಕೃಷ್ಣಮೃಗಗಳ ತವರು. 2010ರ ಸುಮಾರಿಗೆ ಇದರಲ್ಲಿ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಗೋಡೆಯೊಳಗೆ ಸೇರಿತು. ಅದನ್ನು ಪಾಳೆಂದೇ ಬಗೆದಿದ್ದ ಪೇಟೆಯವರಲ್ಲಿ ಅನೇಕರಿಗೆ ಆ ನಷ್ಟ ತಿಳಿಯಲೇ ಇಲ್ಲ. ಕಣ್ಣಿಂದ ಕಾಣದುದನ್ನು ಕಾಯುವವರಾರು?

ನೆರೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಜಲಾಶಯವಿದೆ; 1892ರಲ್ಲಿ ರೈಸರು ಅಶೋಕನ ಶಾಸನವನ್ನು ಬೆಳಕಿಗೆ ತಂದ ಬ್ರಹ್ಮಗಿರಿಯಿದೆ. ಚಳಿಗಾಲದಲ್ಲಿ ಅಪ್ಪಣೆ ಪಡೆದು, ಉಪಾಧ್ಯಾಯಿನಿಯರ ಮೇಲ್ವಿಚಾರಣೆಯಲ್ಲಿ ಎರಡು ದಿನ ಗುಡಾರ ಹೂಡಲಿ. ನೀರು ಹೊತ್ತು, ಒಣಹುಲ್ಲಿಗೆ ಕಿಡಿ ತಾಗದಂತೆ ಅನ್ನ ಬೇಯಿಸಿ, ಕಸದ ಚೂರನ್ನೂ ಉಳಿಸದೆ ಮರಳುವುದು ಯಾವ ಪಾಠಕ್ಕೂ ಕಡಿಮೆಯಲ್ಲ. ಗಂಡುಮಕ್ಕಳಿಗೆ ಸುಲಭವಾಗಿ ದೊರೆಯುವ ಈ ಶಿಕ್ಷಣ ಹೆಣ್ಣುಮಕ್ಕಳಿಗೇಕೆ ದುರ್ಲಭವಾಗಬೇಕು?

ತಾಯ್ತಂದೆಗಳಲ್ಲಿ ವಿಧೇಯತೆ, ಜೀವಿಗಳಲ್ಲಿ ದಯೆ, ಇವೆರಡನ್ನೂ ಆ ಬಂಡೆಯ ಶಾಸನವೇ ಬೋಧಿಸುತ್ತದೆ. ಅದರ ಮುಂದೆ ನಿಂತು ಬಂದ ಮಗಳು ಅವಿಧೇಯಳಾಗಿ ಮನೆಗೆ ಮರಳಳು. ಹಳೆಯ ವಿದ್ಯಾರ್ಥಿನಿಯರೇ, ಇಂದು ನೀವೂ ತಾಯಂದಿರು. ಮೊದಲ ಸಮ್ಮತಿ ನಿಮ್ಮಿಂದ ಬರಲಿ.