ತಿರುಮಣಿಯನ್ನು ಎಣಿಸುವ ಬಗೆ

ಪಾವಗಡ ತಾಲ್ಲೂಕಿನ ತಿರುಮಣಿಗೆ ಸೌರವಿದ್ಯುತ್ತು ಬಂದುದರಿಂದ ಅಲ್ಲಿಯ ಜನಕ್ಕೆ ಒಳಿತಾಯಿತೇ, ಕೆಡುಕಾಯಿತೇ ಎಂಬ ಪ್ರಶ್ನೆಗೆ ಉತ್ತರ ಹೇಳುವವರಿಗೆ ಇಂದು ಕೊರತೆಯಿಲ್ಲ. ಒಬ್ಬರು ಹೊಸದಾಗಿ ಎದ್ದ ಮನೆಗಳತ್ತ ಬೆರಳು ಮಾಡುತ್ತಾರೆ. ಇನ್ನೊಬ್ಬರು ಕೂಲಿಯಿಲ್ಲದೆ ಕುಳಿತವರನ್ನು ತೋರಿಸುತ್ತಾರೆ. ಇಬ್ಬರೂ ಹೇಳುವುದು ಕಣ್ಣಾರೆ ಕಂಡುದನ್ನೇ. ಕಂಡುದೆಲ್ಲ ಪ್ರಮಾಣವಾಗಲಾರದೆಂಬುದನ್ನು ನಮ್ಮ ಸಮಾಜವಿಜ್ಞಾನದ ವಿದ್ಯಾರ್ಥಿಗಳು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕಲಾರದು.

ಸಂಗತಿ ಸರಳವಾಗಿದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ಸರ್ಕಾರ ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ ಅದು 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವನಿಗೆ ಇದು ಬಿಸಿಲೇ ಕೊಟ್ಟ ಬೆಳೆಯೆನಿಸಿದರೆ ಆಶ್ಚರ್ಯವಿಲ್ಲ.

ಈಗ ಇದನ್ನು ಅಳೆಯುವುದು ಹೇಗೆ? ನಮ್ಮಲ್ಲಿ ರೂಢಿಯಾಗಿರುವ ವಿಧಾನವೆಂದರೆ, ಪ್ರಶ್ನಾವಳಿಯನ್ನು ಹಿಡಿದುಕೊಂಡು ಊರಿಗೆ ಹೋಗಿ, ಸಿಕ್ಕಿದ ನೂರು ಜನರನ್ನು ಕೇಳಿ, ಬಂದ ಉತ್ತರಗಳನ್ನು ಶೇಕಡಾವಾರು ಮಾಡಿ, ದಶಮಾಂಶದ ಎರಡು ಸ್ಥಾನಗಳವರೆಗೆ ಬರೆಯುವುದು. ದಶಮಾಂಶದ ಸ್ಥಾನಗಳು ಹೆಚ್ಚಿದಷ್ಟೂ ಸತ್ಯ ಹೆಚ್ಚುತ್ತದೆಂಬ ಮೂಢನಂಬಿಕೆ ವಿಶ್ವವಿದ್ಯಾನಿಲಯಗಳಲ್ಲಿ ಉಳಿದುಬಂದಿರುವುದು ವಿನೋದವೇ ಸರಿ. ಕೇಳಬೇಕಾದ ನೂರು ಜನರನ್ನು ಯಾವ ಪಟ್ಟಿಯಿಂದ ಆರಿಸಿದಿರಿ? ಗುತ್ತಿಗೆ ಪಡೆದವರ ಪಟ್ಟಿಯಿಂದಲಾದರೆ ಭೂಮಿಯಿಲ್ಲದವನು ಆರಂಭದಲ್ಲೇ ಹೊರಗುಳಿದ. ಐದು ಎಕರೆ ಕೊಟ್ಟವನಿಗೆ ಮೊದಲ ವರ್ಷ 1,05,000 ರೂಪಾಯಿ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಏನೂ ಬರಲಿಲ್ಲ, ಇದ್ದ ಕೂಲಿಯೂ ಹೋಯಿತು. ಇಬ್ಬರ ಗುತ್ತಿಗೆಯ ಸರಾಸರಿ 52,500. ಆ ಮೊತ್ತ ಇಬ್ಬರಲ್ಲಿ ಯಾರ ಕೈಯಲ್ಲಿಯೂ ಇಲ್ಲ.

ಅದಕ್ಕಿಂತ ಕಠಿಣವಾದುದು ಹೋಲಿಕೆಯ ಪ್ರಶ್ನೆ. ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ನೋಡಿದರೆ ಸಾಲದೇ ಎನ್ನಬಹುದು. ಸಾಲದು. ಕಾಮಗಾರಿ ಮುಗಿದ ಕೆಲವೇ ತಿಂಗಳುಗಳಲ್ಲಿ, 2020ರಲ್ಲಿ, ಕೋವಿಡ್ ಬಂದು ಬೆಂಗಳೂರಿಗೆ ದುಡಿಯಲು ಹೋಗಿದ್ದವರು ಹಿಂತಿರುಗಿದರು. 2022ರಲ್ಲಿ ಅತಿವೃಷ್ಟಿ, 2023ರಲ್ಲಿ ಬರ. ಊರಿನ ಬದಲಾವಣೆಯಲ್ಲಿ ಇವುಗಳ ಪಾಲೆಷ್ಟು, ಸೌರಫಲಕಗಳ ಪಾಲೆಷ್ಟು? ಇದನ್ನು ಬೇರ್ಪಡಿಸಲು, ಅದೇ ಮಳೆ, ಅದೇ ಬರ, ಅದೇ ಸಾಂಕ್ರಾಮಿಕವನ್ನು ಕಂಡೂ ಫಲಕಗಳನ್ನು ಕಾಣದ ಊರುಗಳು ಬೇಕು. ಎರಡು ಕಡೆಗಳಲ್ಲಿಯೂ ಆದ ಬದಲಾವಣೆಯನ್ನು ಅಳೆದು, ಒಂದರಿಂದ ಇನ್ನೊಂದನ್ನು ಕಳೆಯಬೇಕು.

ಹೊಲಗದ್ದೆಗಳ ಪ್ರಯೋಗದಲ್ಲಿ ಫಿಷರ್ ಮಹಾಶಯನು ತೋರಿಸಿಕೊಟ್ಟ ಮಾರ್ಗ ಚೀಟಿ ಎತ್ತುವುದು: ಯಾವ ತಾಕಿಗೆ ಗೊಬ್ಬರ, ಯಾವುದಕ್ಕಿಲ್ಲ ಎಂಬುದನ್ನು ಅದೃಷ್ಟಕ್ಕೆ ಬಿಡುವುದು. ತಿರುಮಣಿಯನ್ನು ಯಾರೂ ಚೀಟಿ ಎತ್ತಿ ಆರಿಸಲಿಲ್ಲ. ಬಿಸಿಲು ಹೆಚ್ಚು, ನೀರು ಕಡಿಮೆ ಎಂದೇ ಆರಿಸಿದರು. ಆದುದರಿಂದ ಅದನ್ನು ಮಧುಗಿರಿಯ ಕೆರೆಬಯಲಿನ ಊರೊಂದಕ್ಕೆ ಹೋಲಿಸುವುದು ಅನ್ಯಾಯ. ಗಡಿಯಾಚೆ ಆಂಧ್ರದಲ್ಲಿ ಅಂಥದೇ ಒಣನೆಲ ಸಿಕ್ಕೀತು, ಆದರೆ ಸರ್ಕಾರ ಬೇರೆ, ಯೋಜನೆಗಳು ಬೇರೆ. ಪಾವಗಡದ ಉಳಿದ ಒಣ ಗ್ರಾಮಗಳೇ ಮೇಲೆಂದು ನನ್ನ ಅಭಿಪ್ರಾಯ.

ಈ ದಾರಿ ನಮಗೆ ಹೊಸದೇನೂ ಅಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಗ್ರಂಥ 1962ರಲ್ಲಿ ಹೊರಬಂದಿತು. ವಂಗಲ, ದಲೇನ ಎಂದು ಅವುಗಳಿಗೆ ಕಲ್ಪಿತ ಹೆಸರು. ಒಂದಕ್ಕೆ ನಾಲೆಯ ನೀರು ಬಂತು. ಇನ್ನೊಂದರ ನೆಲ ಎತ್ತರದಲ್ಲಿದ್ದುದರಿಂದ ಬರಲಿಲ್ಲ. ನೀರು ಪಡೆದ ವಂಗಲ ತನ್ನ ಹಳೆಯ ಬೇಸಾಯದಲ್ಲೇ ಬೇರೂರಿತು. ನೀರು ಸಿಕ್ಕದ ದಲೇನದವರು ಮಂಡ್ಯದ ಕೆಲಸ, ವ್ಯಾಪಾರಗಳಿಗೆ ಕೈಹಾಕಿದರು, ಸಮಾಜದ ಕಟ್ಟು ಹೆಚ್ಚು ಸಡಿಲಿದುದು ಅಲ್ಲಿ. ವಂಗಲವೊಂದನ್ನೇ ನೋಡಿದ್ದರೆ ಇದು ಹೊಳೆಯುತ್ತಿರಲಿಲ್ಲ. ಎರಡೇ ಹಳ್ಳಿಗಳಿಂದ ನಿಯಮ ಹೊರಡದೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಪರಿಹಾರ ಹಳ್ಳಿಗಳನ್ನು ಹೆಚ್ಚಿಸುವುದು, ಹೋಲಿಕೆಯನ್ನು ಬಿಡುವುದಲ್ಲ.

ತಿರುಮಣಿಯ ಹಿಂದಿನ ಸ್ಥಿತಿಗೆ ಆಧಾರವೆಲ್ಲಿ ಎಂದರೆ, 2011ರ ಜನಗಣತಿಯಿದೆ. ಯಾವ ಗ್ರಾಮದಲ್ಲಿ ಎಷ್ಟು ಸಾಗುವಳಿದಾರರು, ಎಷ್ಟು ಕೃಷಿಕೂಲಿಗಳು, ಅದರಲ್ಲಿ ಹೆಂಗಸರೆಷ್ಟು ಎಂಬುದು ಅದರಲ್ಲಿ ದೊರೆಯುತ್ತದೆ. 2021ರ ಗಣತಿ ನಡೆಯಲಿಲ್ಲವಾದುದರಿಂದ ನಡುವಣ ಮೆಟ್ಟಿಲೊಂದು ತಪ್ಪಿಹೋಗಿದೆ. ಇತರ ಬರಪೀಡಿತ ತಾಲ್ಲೂಕುಗಳಿಗೂ ತಿರುಮಣಿಯನ್ನೇ ಮಾದರಿಯೆಂದು ತೋರಿಸುವವರಿರುವಾಗ, ಭೂಹೀನರ ಲೆಕ್ಕವಿಲ್ಲದ ಸಮೀಕ್ಷೆ ಇನ್ನೊಂದು ಊರಿನ ಭೂಹೀನರ ಮೇಲೆ ತೀರ್ಪಾಗಿ ಎರಗುತ್ತದೆ.

ಕೊನೆಗೆ ವಿದ್ಯಾರ್ಥಿಗಳಿಗೆ ಎರಡು ಮಾತು. ಆ ಸೀಮೆಯ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡದ ಪ್ರಶ್ನಾವಳಿಯನ್ನು ನಿಂತಲ್ಲೇ ಅನುವಾದಿಸಿ ಕೇಳಿದರೆ ಒಬ್ಬೊಬ್ಬನಿಗೆ ಒಂದೊಂದು ಪ್ರಶ್ನೆ ಕೇಳಿದಂತಾಗುತ್ತದೆ. ಮತ್ತೆ, ಬೇಲಿ ಬಿದ್ದ ನೆಲದಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ದೂರ ಹೋಗಬೇಕಾಗಿದೆ. ಅವರು ಬೆಳಗ್ಗೆಯೇ ಹೊರಡುತ್ತಾರೆ. ಹತ್ತು ಗಂಟೆಯ ಬಸ್ಸಿಗೆ ಬಂದು ನಾಲ್ಕಕ್ಕೆ ಹಿಂತಿರುಗುವವರಿಗೆ ಅವರು ಸಿಕ್ಕುವುದಿಲ್ಲ. ಮಂದೆ ಮರಳುವ ಹೊತ್ತಿಗೆ ಊರಲ್ಲಿರಬೇಕು.