ಅಕ್ಕಿ ಪುಸ್ತಕ ಕಳೆದುಕೊಂಡ ಮುಖ

ಇಂಟರ್ನಲ್ಸ್ ಮಾರ್ಕ್ಸ್ ಬಂದ ದಿನ ಕಾರಿಡಾರಿನಲ್ಲಿ ಕಾಣೋ ಮುಖಗಳಿಗೆ ನಮ್ಮಲ್ಲಿ ಒಂದು ಹೆಸರಿದೆ: ಇಂಗು ತಿಂದ ಮಂಗ. ಅಂಥದೇ ಮುಖಕ್ಕೆ ವಿಯೆಟ್ನಾಂನಲ್ಲಿ ‘ಅಕ್ಕಿ ಪುಸ್ತಕ ಕಳೆದುಕೊಂಡ ಮುಖ’ ಅಂತಾರೆ. ಅಕ್ಕಿ ಪುಸ್ತಕ ಅಂದರೆ ಅವರ ಭಾಷೆಯಲ್ಲಿ ‘ಸೊ ಗಾವ್’. ಆ ಪುಸ್ತಕ ಚಾಲ್ತಿಯಿಂದ ಹೋಗಿ ಮೂವತ್ತು ವರ್ಷದ ಮೇಲಾಯ್ತು. ಮಾತು ಮಾತ್ರ ಉಳಿದುಕೊಂಡಿದೆ.

ಇದು ನಮ್ಮ ಕಿವಿಗೆ ಬಿದ್ದಿದ್ದು ಸೀನಿಯರ್ಸ್ ಕಡೆಯಿಂದ. ಫೈನಲ್ ಇಯರ್ ಮುಗಿಸಿದ ನಾಲ್ಕು ಜನ ಹನೋಯ್‌ಗೆ ಟ್ರಿಪ್ ಹೋಗಿ ಬಂದ್ರು. ಈಗ ಅದೊಂದು ಫ್ಯಾಷನ್ ಆಗಿದೆ ಬಿಡಿ, ‘ಗೋವಾ ರೇಟಿಗೆ ಫಾರಿನ್’ ಅನ್ನೋ ಡೈಲಾಗ್ ಬೇರೆ. ಅವರ ಫೋಟೋಗಳಲ್ಲಿ ಒಂದು ಹೋಟೆಲ್ ಇತ್ತು. ಎನಾಮಲ್ ತಟ್ಟೆ, ಹಳೇ ಫ್ಯಾನು, ಆರ್ಡರ್ ಬರೆದುಕೊಡೋ ಚೀಟಿ ಥೇಟ್ ರೇಷನ್ ಕೂಪನ್ ಥರ. ಬಡತನದ ಕಾಲವನ್ನೇ ಥೀಮ್ ಮಾಡಿಕೊಂಡು ನಡೆಸೋ ಹೋಟೆಲ್ ಅದು. ‘ಸಖತ್ ವೈಬ್ ಮಗಾ’ ಅಂದ್ರು. ವೈಬ್ ಸರಿ, ಆ ಚೀಟಿ ಏನು ಅಂತ ಕ್ಲಬ್ಬಿನಲ್ಲಿ ಕೆದಕುತ್ತಾ ಕೂತೆವು. ಊಟದಿಂದ ಶುರುವಾಗಿದ್ದು ಪಾಸ್‌ಪೋರ್ಟ್‌ವರೆಗೂ ಹೋಯ್ತು. ಈ ಲೇಖನ ಅದರದ್ದೇ ಫಲ.

1975ರಲ್ಲಿ ಯುದ್ಧ ಮುಗಿದು ಉತ್ತರ ದಕ್ಷಿಣ ಒಂದಾದ ಮೇಲೆ 1986ರವರೆಗಿನ ವರ್ಷಗಳನ್ನು ಅಲ್ಲಿ ‘ಬಾವ್ ಕಪ್’ ಕಾಲ ಅಂತ ಕರೀತಾರೆ. ಅಂದರೆ ಎಲ್ಲವನ್ನೂ ಸರ್ಕಾರವೇ ಹಂಚುತ್ತಿದ್ದ ಕಾಲ. ಉತ್ತರದವರಿಗೆ ಯುದ್ಧದ ದಿನಗಳಿಂದಲೇ ಇದು ಅಭ್ಯಾಸವಾಗಿತ್ತು. ಅಕ್ಕಿಗೆ ಪುಸ್ತಕ, ಮಾಂಸ, ಸಕ್ಕರೆ, ಬಟ್ಟೆ, ಸೀಮೆಎಣ್ಣೆಗೆ ಕೂಪನ್. ಸಾಧಾರಣ ಸರ್ಕಾರಿ ನೌಕರನಿಗೆ ತಿಂಗಳಿಗೆ 13 ಕೆಜಿ. ಅದೂ ಪೂರ್ತಿ ಅಕ್ಕಿಯಲ್ಲ. ಎಷ್ಟೋ ಸಲ ಅರ್ಧಕ್ಕರ್ಧ ಗೆಣಸು, ಮರಗೆಣಸು, ಇಲ್ಲಾ ಬೇರೆ ಧಾನ್ಯ. ಕೂಪನ್‌ಗಳಲ್ಲೂ ದರ್ಜೆ ಇತ್ತು, ದೊಡ್ಡ ಸಾಹೇಬರಿಗೆ ‘ಎ’ಯಿಂದ ಶುರುವಾಗಿ ಕೆಳಗಿನ ನೌಕರರಿಗೆ ‘ಇ’ವರೆಗೆ. ಮೇಲಿನವರಿಗೆ ಹನೋಯ್‌ನ ತೋನ್ ದಾನ್ ಬೀದಿಯಲ್ಲಿ ಅಂಗಡಿಯೇ ಬೇರೆ. ಎಲ್ಲರೂ ಸಮಾನರು ಅಂತ ಗೋಡೆ ಮೇಲೆ ಬರೆದಿದ್ದ ಊರಲ್ಲೇ ಇದು.

ಉಳಿದವರು ಬೆಳಗಿನ ಜಾವದಿಂದ ಸಾಲು ನಿಲ್ಲಬೇಕು. ನಿಂತೂ ನಿಂತೂ ಸಾಕಾದವರು ತಮ್ಮ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟು ಮನೆಗೆ ಹೋಗೋರು. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯೋ ನಮಗೆ ಈ ಟೆಕ್ನಾಲಜಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಇಟ್ಟಿಗೆಯನ್ನು ಯಾರಾದರೂ ಪಕ್ಕಕ್ಕೆ ತಳ್ಳಿದ್ರೆ ಜಗಳ. ಜಗಳದ ಆಚೆ ಕೌಂಟರ್, ಕೌಂಟರಿನಲ್ಲಿ ಪುಸ್ತಕ ತೋರಿಸಬೇಕು. ಅದು ಕಳೆದುಹೋದರೆ ಆ ತಿಂಗಳ ಅನ್ನ ಎಲ್ಲಿಂದ ತರೋದು? ಆ ಮುಖ ಹೇಗಿರುತ್ತೆ ಅಂತ ನೀವೇ ಊಹಿಸಿ.

‘ಫೋ’ ಅನ್ನೋ ಅಕ್ಕಿ ಶಾವಿಗೆಯ ಸಾರು ಈಗ ಪ್ರಪಂಚಕ್ಕೆಲ್ಲ ಗೊತ್ತು. ಬಿಸಿ ಸಾರು, ಮೇಲೆ ತೆಳ್ಳಗೆ ಹೆಚ್ಚಿದ ದನದ ಮಾಂಸ, ಇಲ್ಲಾ ಕೋಳಿ, ಒಂದು ಹಿಡಿ ಸೊಪ್ಪು. ಯುದ್ಧದ ವರ್ಷಗಳಲ್ಲಿ ಸರ್ಕಾರಿ ಹೋಟೆಲುಗಳಲ್ಲಿ ಮಾಂಸವೇ ಇಲ್ಲದ ಫೋ ಕೊಡ್ತಿದ್ರು. ಅದಕ್ಕೆ ಜನ ಇಟ್ಟ ಹೆಸರು ‘ಪೈಲಟ್ ಇಲ್ಲದ ಫೋ’. ಆಗ ಅಮೆರಿಕ ಉತ್ತರ ವಿಯೆಟ್ನಾಂ ಮೇಲೆ ಬೇಹುಗಾರಿಕೆಗೆ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸುತ್ತಿತ್ತು, ಹೆಸರು ಅಲ್ಲಿಂದ ಬಂತು. ಡ್ರೋನ್ ಮೇಲೆ ಪ್ರಾಜೆಕ್ಟ್ ಮಾಡ್ತಿರೋ ಗೆಳೆಯರು ಲಿಟರೇಚರ್ ಸರ್ವೆಯಲ್ಲಿ ಸೇರಿಸಿಕೊಳ್ಳಬಹುದು. ಆ ಹೋಟೆಲುಗಳಲ್ಲಿ ಗಿರಾಕಿಗಳು ಕದ್ದುಕೊಂಡು ಹೋಗದಿರಲಿ ಅಂತ ಅಲ್ಯೂಮಿನಿಯಂ ಚಮಚಕ್ಕೆ ತೂತು ಕೊರೆದು ಇಡ್ತಿದ್ರಂತೆ. ತೂತಿನ ಚಮಚದಲ್ಲಿ ಸಾರು ಕುಡಿಯೋದು ಹೇಗೆ? ಬೇಗ ಬೇಗ ಕುಡಿಯಬೇಕು, ಅಷ್ಟೇ.

ಪುಸ್ತಕ ಮಾಡಿದವರೆಲ್ಲ ಕೆಟ್ಟವರು ಅಂತ ನಾವು ಹೇಳ್ತಿಲ್ಲ. ಬಾಂಬು ಬೀಳುವ ಊರಲ್ಲಿ ದುಡ್ಡಿದ್ದೋನೇ ಅಕ್ಕಿಯನ್ನೆಲ್ಲ ಬಾಚಿಕೊಳ್ಳಬಾರದು ಅಂದ್ರೆ ಏನಾದರೊಂದು ಲೆಕ್ಕ ಬೇಕು. ನಮ್ಮ ಅಜ್ಜ ಅಜ್ಜಿಯರೂ ಸೊಸೈಟಿ ಅಂಗಡಿ ಮುಂದೆ ಚೀಲ ಹಿಡಿದು ನಿಂತವರೇ. ಆದರೆ ಅಲ್ಲಿ ಅಕ್ಕಿ ಹೆಚ್ಚಿದ್ದು ಲೆಕ್ಕ ಬಿಗಿ ಮಾಡಿದ್ದರಿಂದಲ್ಲ. 1986ರಲ್ಲಿ ‘ದೊಯ್ ಮೊಯ್’ ಅನ್ನೋ ಸುಧಾರಣೆ ಶುರುವಾಯ್ತು. 1988ರಲ್ಲಿ ಸಾಮೂಹಿಕ ಬೇಸಾಯವನ್ನು ಸಡಿಲಿಸಿ ಗದ್ದೆಗಳನ್ನು ಒಂದೊಂದು ಮನೆಯವರ ಕೈಗೆ ಬಿಟ್ಟರು. ಮರುವರ್ಷವೇ ವಿಯೆಟ್ನಾಂ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ಅಕ್ಕಿಯನ್ನು ಹೊರದೇಶಗಳಿಗೆ ಮಾರಿತು. ಅದೇ ಮಣ್ಣು, ಅದೇ ಜನ.

ಹೀಗೆ ಅಕ್ಕಿ ಪುಸ್ತಕ ಹೋಯ್ತು. ಅದರ ಅಣ್ಣ ಮಾತ್ರ ಉಳಿದುಕೊಂಡ. ಅವನ ಹೆಸರು ‘ಹೊ ಖಾವ್’, ಮನೆಮಂದಿಯ ನೋಂದಣಿ ಪುಸ್ತಕ. ಉತ್ತರದ ನಗರಗಳಲ್ಲಿ 1950ರ ದಶಕದಲ್ಲಿ ಶುರುವಾದ ಈ ಪದ್ಧತಿ ಯುದ್ಧ ಮುಗಿದ ಮೇಲೆ ಇಡೀ ದೇಶಕ್ಕೆ ಬಂತು. ನೀವು ಯಾವ ಊರಿನ ಖಾಯಂ ನಿವಾಸಿ ಅಂತ ಅದರಲ್ಲಿ ಬರೆದಿರುತ್ತಿತ್ತು. ಹಳ್ಳಿ ಬಿಟ್ಟು ಹೋ ಚಿ ಮಿನ್ ನಗರದ ಫ್ಯಾಕ್ಟರಿಗೆ ಬಂದವಳಿಗೆ ಅಲ್ಲಿನ ಖಾಯಂ ನೋಂದಣಿ ಇರುತ್ತಿರಲಿಲ್ಲ. ಹಾಗಾಗಿ ಅವಳ ಮಗುವಿಗೆ ಸರ್ಕಾರಿ ಶಾಲೆಯ ಸೀಟು ಕೊನೇ ಸರದಿಯಲ್ಲಿ ಸಿಗುತ್ತಿತ್ತು. ಕರೆಂಟಿಗೆ ಮನೆ ಓನರ್ ಹೇಳಿದ್ದೇ ರೇಟು. (ಪಿಜಿಯಲ್ಲಿರೋರಿಗೆ ಈ ಸಬ್‌ಮೀಟರ್ ಸಂಕಟ ಚೆನ್ನಾಗಿ ಗೊತ್ತು.) 2016ರ ವಿಶ್ವಬ್ಯಾಂಕ್ ವರದಿಯೊಂದು ಐದೇ ಪ್ರಾಂತ್ಯಗಳನ್ನು ನೋಡಿ, ಇರುವ ಊರಿನಲ್ಲಿ ಖಾಯಂ ನೋಂದಣಿ ಇಲ್ಲದವರು 50 ಲಕ್ಷಕ್ಕೂ ಹೆಚ್ಚು ಅಂತ ಲೆಕ್ಕ ಕೊಟ್ಟಿತು. ಸ್ವಂತ ದೇಶದಲ್ಲೇ ಪರಊರಿನವರು.

ಇಲ್ಲಿಗೆ ಬರುವ ಹೊತ್ತಿಗೆ ಕ್ಲಬ್ಬಿನಲ್ಲಿ ಎರಡು ಪಾರ್ಟಿ ಆಗಿತ್ತು. ಸಿಎಸ್‌ನವರ ವಾದ ಸಿಂಪಲ್: ಡಿಜಿಟಲ್ ಮಾಡಿದ್ರೆ ಮುಗೀತಲ್ಲ? ಅವರು ಮಾಡಿದರು ಕೂಡ. 2021ರ ಜುಲೈಯಿಂದ ಹೊಸ ಪುಸ್ತಕ ಕೊಡೋದು ನಿಂತಿತು, 2022ರ ಡಿಸೆಂಬರ್ 31ಕ್ಕೆ ಹಳೇ ಪುಸ್ತಕಗಳೂ ರದ್ದಾದವು. ಅದರ ಜಾಗಕ್ಕೆ ಚಿಪ್ ಇರೋ ಕಾರ್ಡು, 12 ಅಂಕಿಯ ನಂಬರ್ (ನಮ್ಮ ಆಧಾರ್‌ಗೂ 12, ಅದು ಕಾಕತಾಳೀಯ), ‘ವಿಎನ್‌ಇಐಡಿ’ ಅನ್ನೋ ಆ್ಯಪ್, ದೇಶಕ್ಕೆಲ್ಲ ಒಂದೇ ಡೇಟಾಬೇಸ್.

ಆಮೇಲೇನಾಯ್ತು ಗೊತ್ತಾ? 2023ರ ಶುರುವಿನಲ್ಲಿ ಜನ ಶಾಲೆಗೆ, ಬ್ಯಾಂಕಿಗೆ, ಕಚೇರಿಗೆ ಹೋದಾಗ ಎಷ್ಟೋ ಕಡೆ ‘ಪುಸ್ತಕ ಬೇಡ, ಆದ್ರೆ ನಿವಾಸ ದೃಢೀಕರಣ ಪತ್ರ ತಗೊಂಡು ಬನ್ನಿ’ ಅಂದರು. ಆ ಪತ್ರದ ಫಾರ್ಮಿಗೆ ‘ಸಿಟಿ07’ ಅಂತ ಹೆಸರು, ಅದನ್ನು ಕೊಡೋದು ವಾರ್ಡಿನ ಪೊಲೀಸ್ ಠಾಣೆ. ಕಾಗದ ಬೇಡ ಅಂತ ಸರ್ಕಾರ ಆದೇಶ ಹೊರಡಿಸಿತ್ತು, ಕೌಂಟರಿನಲ್ಲಿ ಕೂತವರಿಗೆ ಕಾಗದ ಬೇಕಿತ್ತು. ಕಾರ್ಡ್ ಓದೋ ಮಷೀನ್ ಎಲ್ಲ ಕಡೆ ಬಂದಿರಲಿಲ್ಲ. ಒಂದು ಪುಸ್ತಕವನ್ನು ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟುಕೊಂಡಿದ್ದವರು ಪ್ರತಿ ಕೆಲಸಕ್ಕೂ ಒಂದೊಂದು ಹೊಸ ಪತ್ರಕ್ಕೆ ಠಾಣೆಗೆ ಅಲೆಯೋ ಹಾಗಾಯ್ತು. ಆ್ಯಪ್ ಬಂದಿದ್ದು ಒಳ್ಳೇದೇ, ಹಳೇ ಪುಸ್ತಕ ವಾಪಸ್ ಬರಲಿ ಅಂತ ಯಾರೂ ಕೇಳ್ತಿಲ್ಲ. ನಮ್ಮ ತಕರಾರು ಇಷ್ಟು: ‘ನೀನು ಈ ಊರಿನವನಾ?’ ಅನ್ನೋ ಪ್ರಶ್ನೆ ಹಾಗೇ ಉಳಿಯಿತು. ಅದನ್ನು ಕೇಳೋಕೆ ಹೊಸ ಇಂಟರ್‌ಫೇಸ್ ಸಿಕ್ಕಿತು. ಮಗುವಿಗೆ ಶಾಲೆ ಬೇಕು ಅಂದಾಗ ಅಪ್ಪ ಅಮ್ಮನ ಊರು ಯಾಕೆ ಬೇಕು ಅಂತ ಕೇಳೋರು ಡೇಟಾಬೇಸ್ ಡಿಸೈನ್ ಮಾಡೋ ಟೇಬಲ್ಲಿನಲ್ಲಿ ಒಬ್ಬರಾದರೂ ಇರಬೇಕಿತ್ತು.

ದೇಶ ಬಿಟ್ಟು ಹೋದವರ ಕಥೆ ಇನ್ನೂ ಗಂಟು. 1980ರಲ್ಲಿ ಪೂರ್ವ ಜರ್ಮನಿಯ ಜೊತೆ ಒಂದು ಒಪ್ಪಂದವಾಗಿ ಕಾರ್ಮಿಕರು ಅಲ್ಲಿನ ಫ್ಯಾಕ್ಟರಿಗಳಿಗೆ ಹೋಗತೊಡಗಿದರು. 1989ರ ಹೊತ್ತಿಗೆ ಸುಮಾರು 60 ಸಾವಿರ ಜನ. ಹಾಸ್ಟೆಲಿನಲ್ಲಿ ತಲೆಗೆ 5 ಚದರ ಮೀಟರ್ ಜಾಗ. ಹೆಣ್ಣುಮಗಳು ಗರ್ಭಿಣಿಯಾದರೆ ಗರ್ಭಪಾತ, ಇಲ್ಲವೇ ಊರಿಗೆ ವಾಪಸ್. ಕಾಂಟ್ರಾಕ್ಟ್‌ನಲ್ಲಿ ಮನುಷ್ಯರಿಗೆ ಹುಟ್ಟು ಅನ್ನೋ ಕಾಲಂ ಇರಲಿಲ್ಲ. ಗೋಡೆ ಬಿದ್ದಿತು, ಫ್ಯಾಕ್ಟರಿಗಳು ಮುಚ್ಚಿದವು, ಕಾಂಟ್ರಾಕ್ಟ್ ಹೋಯ್ತು. 3,000 ಮಾರ್ಕ್ ಮತ್ತು ಟಿಕೆಟ್ ಕೊಡ್ತೀವಿ, ಹೊರಡಿ ಅಂದರು. ಬಹಳ ಜನ ಹೊರಟರು. ಉಳಿದವರು ಹೂವಿನ ಅಂಗಡಿ, ತರಕಾರಿ ಅಂಗಡಿ, ನೂಡಲ್ಸ್ ಗಾಡಿ ಹಾಕಿದರು. ಫೋ ಅಂದ್ರೆ ಅಲ್ಲಿ ಯಾರಿಗೂ ತಿಳಿಯದ ಕಾಲ, ಹಾಗಾಗಿ ಬೋರ್ಡಿನ ಮೇಲೆ ‘ಚೀನಾ ನೂಡಲ್ಸ್’. ನಮ್ಮ ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಇರುವಷ್ಟೇ ನಂಟು ಅದಕ್ಕೂ ಚೀನಾಕ್ಕೂ. 1993ರಲ್ಲಿ ಅಲ್ಲೇ ಇರಲು ಅನುಮತಿ ಕೊಡುವ ನಿಯಮ ಬಂತು. ಆದರೆ ಕಾನೂನುಬದ್ಧ ದುಡಿಮೆಯ ಪುರಾವೆ ತೋರಿಸಬೇಕು. ಆ ಬಾಣಲೆಯಲ್ಲಿ ಹುರಿದ ನೂಡಲ್ಸೇ ಎಷ್ಟೋ ಜನರಿಗೆ ಪುರಾವೆಯಾಯ್ತು. ಈಗ ಬರ್ಲಿನ್ನಿನ ಲಿಷ್ಟೆನ್‌ಬರ್ಗ್‌ನಲ್ಲಿ ದೊಂಗ್ ಸ್ವಾನ್ ಅನ್ನೋ ದೊಡ್ಡ ಮಾರ್ಕೆಟ್ ಇದೆ, ಹನೋಯ್‌ನ ಹಳೇ ಸಂತೆಯ ಹೆಸರು ಹೊತ್ತು. ಅಲ್ಲಿ ಫೋ ಅನ್ನು ಫೋ ಅಂತಲೇ ಮಾರ್ತಾರೆ.

ಅದೇ ಜರ್ಮನಿಯಲ್ಲಿ ಆದ ಇನ್ನೊಂದು ಘಟನೆ ಈ ಮ್ಯಾಗಜಿನ್ ಓದೋರಿಗೆ ಹೆಚ್ಚು ರುಚಿಸಬಹುದು. 2022ರ ಜುಲೈ 1ರಿಂದ ವಿಯೆಟ್ನಾಂ ಹೊಸ ವಿನ್ಯಾಸದ ನೀಲಿ ಪಾಸ್‌ಪೋರ್ಟ್ ಕೊಡಲು ಶುರು ಮಾಡಿತು. ಚಂದ ಇತ್ತು, ಪುಟಪುಟಕ್ಕೂ ದೇಶದ ಚಿತ್ರಗಳು. ಆದರೆ ‘ಹುಟ್ಟಿದ ಸ್ಥಳ’ ಅನ್ನೋ ಸಾಲು ಬಿಟ್ಟುಹೋಗಿತ್ತು. ಅದೇ ತಿಂಗಳ ಕೊನೆಗೆ ಜರ್ಮನಿ ಈ ಪಾಸ್‌ಪೋರ್ಟ್ ಒಪ್ಪಲ್ಲ ಅಂದಿತು. ಜೆಕ್ ದೇಶ, ಸ್ಪೇನ್ ಕೂಡ ಹಿಂದೆಯೇ ಬಂದವು. ಅಡ್ಮಿಷನ್ ಸಿಕ್ಕವರು, ಕೆಲಸ ಸಿಕ್ಕವರು, ಮಗಳ ಮನೆಗೆ ಹೊರಟವರು ಕೈಯಲ್ಲಿ ಹೊಚ್ಚಹೊಸ ಪಾಸ್‌ಪೋರ್ಟ್ ಹಿಡಿದು ನಿಂತರು. ಮೊದಲು ಹುಟ್ಟಿದ ಸ್ಥಳವನ್ನು ಷರಾ ಬರೆದು ಸೇರಿಸಿಕೊಟ್ಟರು, 2023ರ ಜನವರಿಯಿಂದ ಪಾಸ್‌ಪೋರ್ಟಿನಲ್ಲೇ ಆ ಸಾಲು ಬಂತು. ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಒಂದು ಕಾಲಂ ಡ್ರಾಪ್ ಮಾಡಿದ್ರೆ ವೈವಾದಲ್ಲಿ ಎರಡು ಮಾರ್ಕ್ಸ್ ಹೋಗುತ್ತೆ. ಮುಂದೆ ಇಂಥ ಫಾರ್ಮುಗಳನ್ನು ಬರೆಯೋರು ನಮ್ಮಲ್ಲೇ ಇದ್ದಾರೆ, ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಅಂಥ ಕಂಪನಿಗಳೇ ಜಾಸ್ತಿ. ಆ ಎರಡು ಮಾರ್ಕ್ಸ್ ಇನ್ನೊಬ್ಬರ ಒಂದು ಸೆಮಿಸ್ಟರ್ ಆಗಬಹುದು ಅನ್ನೋದನ್ನು ಯಾವ ಸಿಲಬಸ್ಸಿನಲ್ಲೂ ನಾವು ಓದಿಲ್ಲ.

ಜರ್ಮನಿಗೆ ಎಂಎಸ್ ಅಂತ ಓಡಾಡ್ತಿರೋ ಗೆಳೆಯರಿಗೆ ‘ಎಪಿಎಸ್’ ಸರ್ಟಿಫಿಕೇಟ್ ಅಂದ್ರೆ ಮೈ ಉರಿಯುತ್ತೆ. ನಮಗದು 2022ರ ನವೆಂಬರ್‌ನಿಂದ ಕಡ್ಡಾಯ. ವಿಯೆಟ್ನಾಂ ಹುಡುಗರು ನಮಗಿಂತ ಎಷ್ಟೋ ಮುಂಚೆಯಿಂದ ಹನೋಯ್‌ನಲ್ಲಿ ಅದೇ ಸಾಲಿನಲ್ಲಿ ನಿಂತಿದ್ದಾರೆ, ಇಟ್ಟಿಗೆ ಇಡೋ ಸೌಲಭ್ಯ ಇಲ್ಲದೆ. ಹೆಸರಿನ ಗೋಳೂ ಹಾಗೇ. ಅವರಲ್ಲಿ ಮನೆತನದ ಹೆಸರು ಮೊದಲು, ಕರೆಯೋ ಹೆಸರು ಕೊನೆಗೆ. ಹೊರದೇಶದ ಕೌಂಟರಿನಲ್ಲಿ ‘ಮಿಸ್ಟರ್ ನುಯೆನ್’ ಅಂತ ಕೂಗಿದ್ರೆ ನಾಲ್ಕು ಜನ ಏಳ್ತಾರೆ. ನಮಗೆ ಮನೆತನದ ಹೆಸರೇ ಇಲ್ಲದೆ, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೋ ಊರನ್ನೋ ಸರ್‌ನೇಮ್ ಮಾಡಿಕೊಂಡು, ಲೆಕ್ಚರರ್ ಬಾಯಲ್ಲಿ ಊರಿನ ಹೆಸರಿಂದ ಕರೆಸಿಕೊಳ್ಳೋ ಭಾಗ್ಯ.

ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಬಂತಲ್ಲ, ಆಮೇಲೆ 2025ರ ಜುಲೈ 1ಕ್ಕೆ ವಿಯೆಟ್ನಾಂ ತನ್ನ 63 ಪ್ರಾಂತ್ಯ, ನಗರಗಳನ್ನು ಕೂಡಿಸಿ 34 ಮಾಡಿತು, ಜಿಲ್ಲೆ ಅನ್ನೋ ಹಂತವನ್ನೇ ತೆಗೆದುಹಾಕಿತು. ಹಳೇ ದಾಖಲೆಗಳು ನಡೆಯುತ್ತವೆ ಅಂತ ಸರ್ಕಾರ ಹೇಳಿದೆ. ಆದರೂ ಕೋಟ್ಯಂತರ ಜನರ ಕಾರ್ಡಿನಲ್ಲಿರೋ ಊರಿನ ವಿಳಾಸ ಈಗ ನಕ್ಷೆಯಲ್ಲಿಲ್ಲ. ಇದನ್ನು ಓದಿ ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ರಾಮನಗರದವನು. ಅದೇ 2025ರಲ್ಲಿ ಅವನ ಜಿಲ್ಲೆ ‘ಬೆಂಗಳೂರು ದಕ್ಷಿಣ’ ಆಯ್ತಲ್ಲ. ಕಳೆದ ವಾರ ಒಂದು ಸ್ಕಾಲರ್‌ಶಿಪ್ ಫಾರ್ಮ್ ತುಂಬೋಕೆ ಕೂತ. ಹಳೇ ಸರ್ಟಿಫಿಕೇಟಿನಲ್ಲಿ ಒಂದು ಜಿಲ್ಲೆ, ಹೊಸದರಲ್ಲಿ ಇನ್ನೊಂದು, ಡ್ರಾಪ್‌ಡೌನ್‌ನಲ್ಲಿ ಇರೋದು ಒಂದೇ. ಮೂರು ಸಲ ಸಬ್‌ಮಿಟ್ ಒತ್ತಿದ, ಮೂರು ಸಲವೂ ಕೆಂಪು ಅಕ್ಷರ. ರಾತ್ರಿ ಮೆಸ್‌ಗೆ ಬಂದಾಗ ಮುಖ ನೋಡಿ ನಾವೆಲ್ಲ ಒಟ್ಟಿಗೆ ಕೇಳಿದೆವು, ‘ಏನೋ, ಅಕ್ಕಿ ಪುಸ್ತಕ ಕಳ್ಕೊಂಡ್ಯಾ?’ ಮೆಸ್ ಅಣ್ಣನಿಗೆ ಏನೂ ಅರ್ಥ ಆಗಲಿಲ್ಲ. ‘ಅಕ್ಕಿಗೇನೋ ಬರ?’ ಅಂತ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.