ಹಸಿರು ಲಾರಿಯ ಕಾಗದ

ಕಳೆದ ವಾರ ಶಾಲೆ ಬಿಟ್ಟ ಮೇಲೆ ವಿದ್ಯಾರ್ಥಿಯೊಬ್ಬನ ತಂದೆ ನಮ್ಮ ಕೋಣೆಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟರು. ಸೈನ್ಯದ ಹಳೆಯ ವಾಹನಗಳ ಲಿಲಾವಿನ ಪ್ರಕಟಣೆ. ಈಗ ಎಮ್.ಎಸ್.ಟಿ.ಸಿ. ಎಂಬ ಸರಕಾರಿ ಸಂಸ್ಥೆಯ ಮೂಲಕ ಮನೆಯಲ್ಲಿ ಕುಳಿತೇ ಬೋಲಿ ಹಾಕಬಹುದು. "ಗುರುಗಳೇ, ಇದನ್ನಟು ಓದಿ ಹೇಳ್ರಿ" ಎಂದರು. ವಾಚಕರೇ, ಆ ಮಾತಿಗೆ ನಮ್ಮ ಎದೆ ಝಲ್ಲೆಂದಿತು.

1993ರಲ್ಲಿ ನಾವು ಡಿ.ಎಡ್. ಮುಗಿಸಿ ಭಂಡಾರಕವಠೆಯಲ್ಲಿ ನೌಕರಿಯ ಹಾದಿ ಕಾಯುತ್ತಿದ್ದೆವು. ನಮ್ಮ ಕಾಕಾ ಅವರಿಗೆ ಕಬ್ಬು ಸಾಗಿಸಲು ಸ್ವಂತದ್ದೊಂದು ಲಾರಿ ಬೇಕೆಂಬ ಹಂಬಲ. ಹೊಸದಕ್ಕೆ ಹಣವೆಲ್ಲಿ? ಪುಣೆಯ ಕಡೆ ಸೈನ್ಯದವರ 'ಶಕ್ತಿಮಾನ್' ಲಾರಿಗಳು ಲಿಲಾವಿಗೆ ಬಂದಿವೆಯೆಂದು ತಿಳಿಯಿತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಿಗೆಯಿಂದ 1959ರಲ್ಲಿ ಜಬಲಪುರದ ಸರಕಾರಿ ಕಾರಖಾನೆಯಲ್ಲಿ ತಯಾರಾಗತೊಡಗಿದ ಈ ಗಾಡಿ 1996ರ ವರೆಗೂ ಹೊರಬರುತ್ತಿದ್ದಿತು. 1971ರ ಯುದ್ಧದಲ್ಲಿ ದುಡಿದ ಜಾತಿಯ ಗಾಡಿಯೆಂದರೆ ಹಳ್ಳಿಗರಿಗೆ ಬೇರೆ ಶಿಫಾರಸು ಏಕೆ? ಚಿಗವ್ವ ಕೈಯ ಪಾಟಲಿಗಳನ್ನು ಬಿಚ್ಚಿ ಒತ್ತೆಯಿಡಲು ಕೊಟ್ಟಳು.

ಕಾಗದ ಓದುವ ಕೆಲಸ ನಮ್ಮದು. ಸಣ್ಣ ಅಕ್ಷರದ ಇಂಗ್ಲಿಷ್ ಷರತ್ತುಗಳು. ಅವುಗಳಲ್ಲೊಂದು, ಮಾಲು ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ ಮಾರಾಟವೆಂಬುದು. ಶಬ್ದಗಳು ತಿಳಿದವು, ಅವುಗಳ ಪೆಟ್ಟು ತಿಳಿಯಲಿಲ್ಲ. "ತಮ್ಮಾ, ಎಲ್ಲಾ ಬರೋಬರಿ ಅದ ಏನು?" ಎಂದು ಕಾಕಾ ಕೇಳಿದರು. "ಬರೋಬರಿ ಅದರಿ" ಎಂದೆವು. ಕಲಿತವರೆಂಬ ಹಮ್ಮು, ಮತ್ತೊಬ್ಬರನ್ನು ಕೇಳಲು ನಾಚಿಕೆ. ಮಾಲು ನೋಡುವ ದಿನ ಎಂಜಿನ್ನಿನ ಸುತ್ತ ತಿರುಗಿದೆವೇ ಹೊರತು ಬ್ಯಾಟರಿಯ ಪೆಟ್ಟಿಗೆಯನ್ನು ತೆರೆಯಲಿಲ್ಲ.

ಹಣ ತುಂಬಿ ಗಾಡಿ ತರಲು ಹೋದಾಗ ಪೆಟ್ಟಿಗೆ ಬರಿದಾಗಿತ್ತು. ಎರಡು ಟಾಯರುಗಳು ಸೀಳಿದ್ದವು. ಕೇಳುವಂತಿರಲಿಲ್ಲ, ಷರತ್ತೇ ಹಾಗಿತ್ತು. ಬಣ್ಣಕ್ಕೂ ನೋಂದಣಿಗೂ ಎತ್ತಿಟ್ಟ ಹಣ ಹಳೆಯ ಬ್ಯಾಟರಿ, ಟಾಯರುಗಳಿಗೆ ಹೋಯಿತು. ಕಾಕಾ ನಮ್ಮ ಮುಖವನ್ನೊಮ್ಮೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೆರೆಯೂರಿನ ನಿವೃತ್ತ ಹವಾಲ್ದಾರರು ಚಾಲಕರಾಗಿ ಬಂದಿದ್ದರು. ನಾಲ್ಕೂ ಗಾಲಿಗಳಿಗೆ ಶಕ್ತಿ ಕೊಡುವ ಗಾಡಿಯದು. ಡಾಂಬರು ರಸ್ತೆ ಸಿಕ್ಕೊಡನೆ ಅವರು ಮುಂದಿನ ಗಾಲಿಗಳ ಜೋಡಣೆಯನ್ನು ಬಿಡಿಸಿದರು, ಇಲ್ಲವಾದರೆ ಟಾಯರು ಸವೆದು ಹೋಗುವುದೆಂದು. ಸೋಲಾಪುರಕ್ಕೆ ಸುಮಾರು 250 ಕಿಲೋಮೀಟರು. ನಮ್ಮ ವೇಗವೋ, ಎತ್ತಿನ ಗಾಡಿಗಳಿಗೆ ಮಾತ್ರ ಮತ್ಸರ ಹುಟ್ಟಿಸುವಂಥದು. ಭಿಗವಣ ದಾಟುತ್ತಲೇ ರೇಡಿಯೇಟರು ಕುದಿಯಿತು. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಮುಖ ಸುಟ್ಟೀತೆಂದು ಹವಾಲ್ದಾರರು ಎಲ್ಲರನ್ನೂ ದೂರ ನಿಲ್ಲಿಸಿದರು. ಅಲ್ಲಿ ಉಜನಿ ಜಲಾಶಯದ ಹಿನ್ನೀರು. ಆಣೆಕಟ್ಟು ಮುಗಿದದ್ದು 1980ರಲ್ಲಿ. ಕಾಕಾ ತಾವೇ ಕೊಡ ಹೊತ್ತು ತಂದು ನೀರು ಹೊಯ್ದರು. ಮಿಕ್ಕ ನೀರಿನಿಂದ ಮುಖ ತೊಳೆದು, "ಭೀಮಾ ನಮಗಿಂತ ಮೊದಲ ಊರು ಮುಟ್ಟತಾಳ" ಎಂದರು. ಬೆಳಗಿನಿಂದ ಅವರಾಡಿದ ಮೊದಲ ಮಾತು ಅದು.

ಸೋಲಾಪುರದ ಹೊರಗೆ ಪೋಲೀಸರು ತಡೆದರು. ಕಾಗದ ಸರಿಯಿದ್ದವು, ಬಣ್ಣ ಸರಿಯಿರಲಿಲ್ಲ. 1989ರ ಮೋಟಾರು ನಿಯಮಗಳ 121ನೆಯ ನಿಯಮದಂತೆ ಆ ಕಡುಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಸಲ್ಲುತ್ತದೆ. ಬೇಡಿಕೊಂಡು ಒಂದು ರಾತ್ರಿಯ ಅವಧಿ ಪಡೆದೆವು. ಕೈಯಲ್ಲಿದ್ದ ಹಣಕ್ಕೆ ಕೆಂಪು ಬಣ್ಣದ ಎರಡು ಡಬ್ಬಿ ಬಂದವು. ಕಂದೀಲಿನ ಬೆಳಕಿನಲ್ಲಿ ಮೂವರೂ ಕುಂಚ ಹಿಡಿದೆವು. ಮೂತಿ, ಬಾಗಿಲುಗಳು ಕೆಂಪಾದವು; ಹಿಂಭಾಗಕ್ಕೆ ಬರುವಷ್ಟರಲ್ಲಿ ಡಬ್ಬಿಗಳು ಬರಿದಾದವು.

ಮರುದಿನ ಮಂದ್ರೂಪದ ಮೇಲಿಂದ ಊರು ಸೇರಿದಾಗ ಹುಡುಗರು ಬೆನ್ನುಹತ್ತಿದರು. ಚಿಗವ್ವ ಆರತಿಯ ತಟ್ಟೆ ಹಿಡಿದು ಬರಿಗೈಯಲ್ಲಿ ಹೊರಬಂದಳು. ಹಸಿರು ಬಳೆಗಳನ್ನಷ್ಟೇ ಕಂಡ ಆ ಕೈ ನಮಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಾಟಲಿಗಳು ಮರಳಿ ಬರಲು ಐದು ಸುಗ್ಗಿ ಹಿಡಿಯಿತು. ಆ ಷರತ್ತು ನಮಗೆ ತಿಳಿದಿರಲಿಲ್ಲವೆಂದು ಕಾಕಾ ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆವು. ಅವರೀಗ ಇಲ್ಲ.

ಆ ತಂದೆಗೆ ಪ್ರಕಟಣೆಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆವು. ತಿಳಿಯದ ಎರಡು ಶಬ್ದಗಳನ್ನು ಬರೆದಿಟ್ಟು ಸೋಲಾಪುರದ ವಕೀಲರನ್ನು ಕೇಳಿದೆವು. "ಬ್ಯಾಟರಿ ಪೆಟ್ಟಿಗೆ ತೆಗೆದು ನೋಡೀರೇನು?" "ಇಲ್ಲರಿ, ಫೋಟೋ ಅಷ್ಟ ನೋಡೀನಿ." ಮಾಲು ನೋಡಲು ಗೊತ್ತುಪಡಿಸಿದ ದಿನ ಶಾಲೆಗೆ ರಜೆ ಹಾಕಿ ನಾವೂ ಅವರೊಡನೆ ಹೋಗುವವರಿದ್ದೇವೆ.